ಬಾಲ್ಕನಿಯಿಂದ ಕೂಗಿದ ವಾಕ್ಯ

ಮೇಷ್ಟ್ರ ಬಲಗೈ ತೋರುಬೆರಳಿನ ಉಗುರು ಸದಾ ಕೆಂಪಗಿರುತ್ತಿತ್ತು. ತಿದ್ದುವ ಪೆನ್ನು ಸೋರುತ್ತಿತ್ತು, ಅವರು ಅದನ್ನು ಬದಲಿಸಲಿಲ್ಲ. ಆ ಬೆರಳು ಬಾಲ್ಕನಿಯತ್ತ ತಿರುಗಿತೆಂದರೆ ಯಾರದೋ ಮಾನ ಹೋಗುವುದು ಖಚಿತ.

ತೊಂಬತ್ತರ ದಶಕದಲ್ಲಿ ತಿಪಟೂರಿನ ಕೊಬ್ಬರಿ ಮಂಡಿಯೊಂದರ ಮಹಡಿಯಲ್ಲಿ ಅವರ ಟ್ಯುಟೋರಿಯಲ್ ಇತ್ತು. ಎಸ್ಸೆಸ್ಸೆಲ್ಸಿ ಇಂಗ್ಲಿಷಿನಲ್ಲಿ ಫೇಲಾದ ನಮ್ಮಂಥವರೇ ಅಲ್ಲಿ ಸೇರುತ್ತಿದ್ದುದು. ಯಾವ ಕ್ರಿಯಾಪದದ ಪಕ್ಕ ಯಾವ ಪುಟ್ಟ ಪದ ಕೂರಬೇಕು ಎಂಬುದರಲ್ಲೇ ಇಂಗ್ಲಿಷ್ ಇದೆಯೆಂದು ಅವರು ನಂಬಿದ್ದರು. ಜೋಡಿ ತಪ್ಪಿದವರು ಬಾಲ್ಕನಿಯಲ್ಲಿ ನಿಂತು ಸರಿಯಾದ ವಾಕ್ಯವನ್ನು ಬೀದಿಗೆ ಕೇಳುವಂತೆ ಕೂಗಬೇಕು.

"ನಾಚಿಕೆ ಆದದ್ದು ಮರೆಯಲ್ಲ ಕಣ್ರೋ" ಎನ್ನುತ್ತಿದ್ದರು. ಹೆಚ್ಚಿನವರು ಪಾಸಾಗುತ್ತಿದ್ದರಿಂದ ಯಾವ ಅಪ್ಪ ಅಮ್ಮನೂ ಆಕ್ಷೇಪಿಸಲಿಲ್ಲ.

ಬಿಳಿಗೆರೆಯಿಂದ ಒಬ್ಬ ಹುಡುಗಿ ಬರುತ್ತಿದ್ದಳು. ಇಂಗ್ಲಿಷ್ ಒಂದು ಪಾಸಾದರೆ ನರ್ಸಿಂಗ್ ತರಬೇತಿಗೆ ಸೇರಬಹುದಿತ್ತು. ಅವಳ ಅಪ್ಪ ಕೆಳಗಿನ ಮಂಡಿಯಲ್ಲೇ ಹಮಾಲಿ. ಪರೀಕ್ಷೆ ಹತ್ತಿರವಿದ್ದಾಗ ಅವಳು 'ಡಿಪೆಂಡ್ ಆಫ್' ಎಂದು ಬರೆದಳು. ಕೆಂಪು ಉಗುರು ಬಾಲ್ಕನಿ ತೋರಿಸಿತು.

"ಸಾರ್, ಕೆಳಗೆ ನಮ್ಮಪ್ಪ ಅವ್ರೆ."

"ಅದಕ್ಕೇ ಕಣಮ್ಮ, ಜೋರಾಗಿ ಕೂಗು. ಅವರಿಗೂ ಕೇಳಲಿ."

"ಐ ಡಿಪೆಂಡ್ ಆನ್ ಮೈ ಫಾದರ್" ಎಂದು ಅವಳು ಕೂಗಿದಳು. ಅಪ್ಪನ ಬೆನ್ನ ಮೇಲೆ ಕೊಬ್ಬರಿ ಚೀಲವಿತ್ತು, ತಲೆ ಎತ್ತಲಾಗಲಿಲ್ಲ. "ಲೇ, ನಿನ್ ಮಗಳು ಇಂಗ್ಲೀಷಲ್ಲಿ ಬೈತಾವ್ಳೆ ಕಣ್ಲಾ!" ಎಂದ ಜೊತೆಯ ಹಮಾಲಿ. ಮಂಡಿಯೆಲ್ಲ ನಕ್ಕಿತು. ಮಹಡಿಯೂ ನಕ್ಕಿತು.

ಅಪ್ಪ ಚೀಲ ಇಳಿಸಿ ಮೆಟ್ಟಿಲು ಹತ್ತಿ ಬಂದ.

"ಏನಂದ್ಲು ಸಾ ಅವ್ಳು?"

"ಅಪ್ಪನ್ನೇ ನಂಬ್ಕೊಂಡಿದೀನಿ ಅಂದಳು ಕಣಪ್ಪ. ಈಗ ಸರಿಯಾಗಿ ಹೇಳ್ತಾಳೆ."

"ಅದ್ನ ಬೀದೀಲಿ ಕೂಗುಸ್ಬೇಕಿತ್ತಾ?" ಎಂದವನು ಮಗಳತ್ತ ತಿರುಗಿದ. "ನೀನು ಓದಿದ್ದು ಸಾಕು ಬುಡು, ಬಾರವ್ವ."

ಅವಳು ಬ್ಯಾಗು ತೆಗೆದುಕೊಳ್ಳಲು ತಿರುಗಿದಳು, ಅವನು ಬಿಡಲಿಲ್ಲ. ಅವರಿಬ್ಬರೂ ಮೆಟ್ಟಿಲಿಳಿಯುವ ಮೊದಲೇ ಮೇಷ್ಟ್ರು ಮುಂದಿನವನ ಹಾಳೆ ಎತ್ತಿಕೊಂಡಿದ್ದರು.

ಅವಳು ಪರೀಕ್ಷೆಗೆ ಬರಲಿಲ್ಲ. ಮರುವರ್ಷ ಅದೇ ಮಂಡಿಯಲ್ಲಿ ಕೊಬ್ಬರಿ ಆರಿಸಲು ಕೂತಿದ್ದಳು. ಮೇಲಿನಿಂದ ಯಾರಾದರೂ ಕೂಗಿದರೆ ತಲೆ ಎತ್ತುತ್ತಿರಲಿಲ್ಲ.

ಮೇಷ್ಟ್ರು ತೀರಿಕೊಂಡಾಗ ನಾನು ಇಂಗ್ಲಿಷ್ ಪತ್ರಿಕೆಯೊಂದರ ತುಮಕೂರು ವರದಿಗಾರ. ಶ್ರದ್ಧಾಂಜಲಿ ಸಭೆಯಲ್ಲಿ "ಎಷ್ಟೋ ಮಕ್ಕಳ ಬಾಳು ಬೆಳಗಿದವರು" ಎಂದರು. ಹೇಳಿದ್ದನ್ನು ಹೇಳಿದಂತೆಯೇ ಬರೆದೆ. ಅದು ಸುಳ್ಳೂ ಅಲ್ಲ. ನನ್ನ ಅನ್ನ ಅವರು ಕಲಿಸಿದ ಜೋಡಿಗಳಿಂದಲೇ ಬಂದದ್ದು.

'ಡಿಪೆಂಡ್ ಆನ್' ನಾನು ಇಂದಿಗೂ ತಪ್ಪಿ ಬರೆದಿಲ್ಲ. ಬರೆಯುವಾಗ ಕೇಳಿಸುವುದು ಮಾತ್ರ ಮೇಷ್ಟ್ರ ದನಿಯಲ್ಲ, ಅವಳದು.