ಗಿಟಾರ್ ಗುಂಡಿಯ ಕೆಂಪು ಚುಕ್ಕೆ

ನಮ್ಮ ಭಾವನ ಕಥೆ ಹೇಳಬೇಕೆಂದರೆ ಮೊದಲು ನನ್ನ ಸುಳ್ಳನ್ನು ಒಪ್ಪಿಕೊಳ್ಳಬೇಕು. ಎರಡು ವರ್ಷ, ಪ್ರತಿ ಭಾನುವಾರ ಸಂಜೆ, ಗಿಟಾರನ್ನು ಪೆಟ್ಟಿಗೆಗೆ ಇಳಿಸುತ್ತಾ ಅವರು “ಹೇಗಿತ್ತು?” ಎಂದು ಕೇಳುತ್ತಿದ್ದರು. ನಾನು “ಚೆನ್ನಾಗಿತ್ತು ಭಾವ” ಎನ್ನುತ್ತಿದ್ದೆ. ಚೆನ್ನಾಗಿರಲಿಲ್ಲ. ಕೇಳಿದವರ ಹಲ್ಲು ಜುಮ್ಮೆನ್ನುತ್ತಿತ್ತು.

ಭಾವ ಎಂದರೆ ನನ್ನ ಅಕ್ಕನ ಗಂಡ. ಬಸ್ ನಿಲ್ದಾಣದ ಎದುರಿನ ಓಣಿಯಲ್ಲಿ ಬೀಗ ರಿಪೇರಿ ಅಂಗಡಿ ಇಟ್ಟಿದ್ದಾರೆ. ಅಂಗಡಿ ಅಂದರೆ ಒಬ್ಬರು ಒಳಗಿದ್ದರೆ ಇನ್ನೊಬ್ಬರು ಬೀದಿಯಲ್ಲೇ ನಿಲ್ಲಬೇಕು, ಅಷ್ಟೇ ಜಾಗ. ಗೋಡೆ ತುಂಬ ಮೊಳೆ, ಮೊಳೆ ತುಂಬ ಇನ್ನೂ ಹಲ್ಲು ಕೊರೆಯದ ಕೀಗಳು, ನಡುವೆ ಕೀ ಕೊರೆಯುವ ಯಂತ್ರ. ಅದು ಶುರುವಾದರೆ ಪಕ್ಕದ ಚಪ್ಪಲಿ ಅಂಗಡಿಯವನು ಗಿರಾಕಿಯ ಜೊತೆ ಮಾತು ನಿಲ್ಲಿಸಿ ಕಾಯುತ್ತಾನೆ. ಆ ಕಿರುಚಾಟಕ್ಕೆ ಮುಖ ಕೊಟ್ಟು ಭಾವ ಇಪ್ಪತ್ತಾರು ವರ್ಷ ಕೂತಿದ್ದಾರೆ. ಕಿವಿಗೆ ಒಂದು ಚೂರು ಹತ್ತಿಯನ್ನೂ ಇಟ್ಟುಕೊಂಡವರಲ್ಲ.

ವಾರವಿಡೀ ಬೀಗ, ಭಾನುವಾರ ಸಂಜೆ ಮಾತ್ರ ಬ್ಲೂಸ್, ಅಮೆರಿಕದಿಂದ ಬಂದ ಆ ನೋವಿನ ಹಾಡುಗಳು. ಒಂದು ಕಾಫಿ ಅಂಗಡಿಯ ಹಿಂದಿನ ಕೋಣೆಯಲ್ಲಿ ನಮ್ಮ ಮೂವರ ತಂಡ ನುಡಿಸುತ್ತದೆ. ಕೀಬೋರ್ಡ್ ನುಡಿಸುತ್ತಾ ಹಾಡುವವರು ಒಬ್ಬ ನಿವೃತ್ತ ನರ್ಸಮ್ಮ. ನಾನು ಡ್ರಮ್ಸ್. ಹಗಲೆಲ್ಲ ಹೊಲಿಗೆ ಯಂತ್ರ ತುಳಿಯುವ ಕಾಲು, ಭಾನುವಾರ ಡ್ರಮ್ಮಿನ ಪೆಡಲ್ ತುಳಿಯುತ್ತದೆ. ಡ್ರಮ್ಸ್ ಹಿಡಿದ ಹನ್ನೊಂದು ವರ್ಷದಲ್ಲಿ ನನಗೆ ಒಂದೇ ಒಂದು ಸಲವೂ ಲೆಕ್ಕ ತಪ್ಪಿರಲಿಲ್ಲ. ಜಂಬ ಅಂದುಕೊಳ್ಳಿ, ಪರವಾಗಿಲ್ಲ. ಯಾರಾದರೂ ಅರ್ಧ ಎಣಿಕೆ ಮುಂದೆ ಹೋದರೆ ನಾನು ವೇದಿಕೆಯ ಮೇಲೇ ಮುಖ ಕೆಂಪಗೆ ಮಾಡುವವಳು.

ನಿಧಾನದ ಬ್ಲೂಸ್‌ನಲ್ಲಿ ಮುಚ್ಚಿಡಲು ಏನೂ ಇರುವುದಿಲ್ಲ. ನಾಲ್ಕು ನಾಲ್ಕು ಎಣಿಕೆಯ ಹನ್ನೆರಡು ಸುತ್ತು ಸೇರಿದರೆ ಒಂದು ಆವರ್ತ. ಹಾಡುವವರು ಒಂದು ಸಾಲು ಹಾಡಿ ಸುಮ್ಮನಾಗುತ್ತಾರೆ, ಗಿಟಾರ್ ಅದಕ್ಕೆ ಉತ್ತರ ಕೊಡಬೇಕು. ನಡುವೆ ಒಂದು ಇಡೀ ಆವರ್ತವನ್ನು ಗಿಟಾರಿಗೇ ಬಿಡುತ್ತಾರೆ, ಅದೇ ಸೋಲೊ. ನರ್ಸಮ್ಮನ ಕೊನೆಯ ಪದ ಇನ್ನೂ ಬಾಯಲ್ಲಿರುವಾಗಲೇ ಭಾವ ನುಗ್ಗುತ್ತಿದ್ದರು. ನುಗ್ಗಿದವರು ಉಸಿರು ತೆಗೆದುಕೊಳ್ಳದೆ ಸ್ವರದ ಮೇಲೆ ಸ್ವರ ತುರುಕುತ್ತಿದ್ದರು, ಅದೂ ತಗಡಿನ ಮೇಲೆ ಮೊಳೆ ಎಳೆದಂಥ ನಾದದಲ್ಲಿ. ಕೇಳಲು ಬರುವವರು ಅವರಿಗೆ ‘ಎಕ್ಸ್‌ಪ್ರೆಸ್’ ಅಂತ ಹೆಸರಿಟ್ಟಿದ್ದರು. ಭಾವ ಅದನ್ನು ಹೊಗಳಿಕೆ ಅಂದುಕೊಂಡಿದ್ದರು, ಪಾಪ.

ಒಂದು ದಿನ ಕಾಫಿ ಅಂಗಡಿಯ ಯಜಮಾನ ನನ್ನನ್ನು ಪಕ್ಕಕ್ಕೆ ಕರೆದ. “ನಿಮ್ಮ ಭಾವನ ಸರದಿ ಬಂದ್ರೆ ಜನ ಎದ್ದು ಹೋಗ್ತಾರೆ. ಇನ್ನು ಮೂರು ಭಾನುವಾರ ನೋಡ್ತೀನಿ. ಆಮೇಲೆ ನೀವು ಬೇರೆ ಗಿಟಾರಿನವರನ್ನ ನೋಡ್ಕೊಳ್ಳಿ.”

ನರ್ಸಮ್ಮನಿಗೆ ಹೇಳಿದೆ. ಅವರು ಬೇರೆ ಏನೂ ಕೇಳಲಿಲ್ಲ. “ಅವರ ಕಿವಿ ಯಾರಿಗಾದ್ರೂ ತೋರಿಸಿದೀರಾ?” ಎಂದರು.

ಆಗ ಒಂದೊಂದೇ ನೆನಪಾಯಿತು. ಕರೆಗಂಟೆ ಬಾರಿಸಿದರೆ ಭಾವ ಏಳುವುದಿಲ್ಲ. ಕುಕ್ಕರ್ ಸೀಟಿ ಎಷ್ಟಾಯಿತೆಂದು ಕೇಳಿದರೆ ಮಿಕಿಮಿಕಿ ನೋಡುತ್ತಾರೆ. ಅಕ್ಕ ಇಷ್ಟು ವರ್ಷವೂ “ಬೇಕಂತಲೇ ಕೇಳಿಸ್ಕೊಳ್ಳಲ್ಲ, ಗಂಡಸರ ಬುದ್ಧಿ” ಅಂತ ಬೈದುಕೊಂಡೇ ಬಂದಿದ್ದಳು.

ಅಂಗಡಿಗೆ ಹೋಗಿ ಎಲ್ಲ ಹೇಳಿದೆ. ಯಂತ್ರದ ಸದ್ದಿನ ಮೇಲೆ ಕೂಗಿ ಹೇಳಬೇಕಾಯಿತು. ಭಾವ ಯಂತ್ರ ನಿಲ್ಲಿಸಿದರು.

“ಮತ್ತೆ ನೀನು ಪ್ರತಿ ವಾರ ಚೆನ್ನಾಗಿತ್ತು ಅಂತಿದ್ದಿದ್ದು?”

“ಸುಳ್ಳು ಭಾವ.”

ಅವರು ಅರ್ಧ ಕೊರೆದ ಕೀಯನ್ನು ಮೊಳೆಗೆ ನೇತುಹಾಕಿದರು. ನನಗೆ ಆ ಓಣಿಯಲ್ಲೇ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿದರು. ಇಪ್ಪತ್ತಾರು ವರ್ಷದ ಯಂತ್ರದ ಸದ್ದಿಗೆ ಮೇಲಿನ ಸ್ವರಗಳೆಲ್ಲ ಕಿವಿಯಿಂದ ಹೋಗಿದ್ದವು. “ಹೋದದ್ದು ವಾಪಸ್ ಬರಲ್ಲ, ಇರೋದನ್ನ ಕಾಪಾಡ್ಕೊಳ್ಳಿ” ಎಂದರು ಡಾಕ್ಟರು. ನಮಗೆ ಹಲ್ಲು ಜುಮ್ಮೆನಿಸುವ ನಾದವೇ ಭಾವನ ಕಿವಿಗೆ ಇಂಪು. ಅದಕ್ಕೇ ಗಿಟಾರಿನ ಮೇಲೆ ನಾದದ ಚೂಪನ್ನು ಏರಿಳಿಸುವ ಟೋನ್ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿ ಇಡುತ್ತಿದ್ದರು. ಸ್ವರದ ಬಾಲವಾಗಲಿ, ನರ್ಸಮ್ಮನ ಪದದ ತುದಿಯಾಗಲಿ ಅವರಿಗೆ ಕೇಳುತ್ತಿರಲಿಲ್ಲ. ಸತ್ತೇ ಹೋಯಿತು ಅಂದುಕೊಂಡು ಮೇಲೊಂದು, ಮೇಲಿನ್ನೊಂದು ನುಡಿಸುತ್ತಿದ್ದರು.

ಆ ಸಂಜೆ ಗಿಟಾರ್ ಪೆಟ್ಟಿಗೆಗೆ ಬೀಗ ಹಾಕಿ, ಕೀಯನ್ನು ಹಳೆ ಕೀಗಳ ಡಬ್ಬಿಗೆ ಎಸೆದರು.

“ಊರಿನ ಬೀಗ ಎಲ್ಲಾ ತೆಗೆಯೋರು ಇದಕ್ಕೊಂದು ಬೀಗ ಹಾಕಿ ಯಾರನ್ನ ಹೆದರಿಸ್ತಿದೀರಿ?” ಎಂದಳು ಅಕ್ಕ. ಭಾವ ನಗಲಿಲ್ಲ. ಮೊದಲ ಭಾನುವಾರ ಬರಲೂ ಇಲ್ಲ. ನಾನೂ ನರ್ಸಮ್ಮನೂ ಇಬ್ಬರೇ ಹೇಗೋ ದಬ್ಬಿದೆವು. ಗಿಟಾರಿನ ಜಾಗ ಬಂದಾಗಲೆಲ್ಲ ನಾನು ಬರೀ ಎಣಿಕೆ ಹಿಡಿದು ದಾಟಿಸಿದೆ.

ಮಂಗಳವಾರ ಮಧ್ಯಾಹ್ನ ದಾರದ ಉಂಡೆ ತರಲು ನನ್ನ ಮಹಡಿ ಮನೆಯಿಂದ ಕೆಳಗಿಳಿದೆ. ಗಾಳಿಗೆ ಬಾಗಿಲು ಪಟಾರನೆ ಹಾಕಿಕೊಂಡಿತು. ಕೀ ಒಳಗೆ. ಬೇರೆ ದಾರಿಯಿಲ್ಲದೆ ಭಾವನಿಗೇ ಫೋನ್ ಮಾಡಿದೆ. ಬಂದರು. ನನ್ನ ಮುಖ ನೋಡದೆ ಮೊಣಕಾಲೂರಿ, ಬೀಗದೊಳಗೆ ಎರಡು ತಂತಿ ಇಳಿಸಿ, ಹಣೆಯನ್ನು ಬಾಗಿಲಿಗೆ ಒತ್ತಿ ಕಣ್ಣು ಮುಚ್ಚಿದರು.

“ಕೇಳಿಸ್ತಿದೆಯಾ ಭಾವ?”

“ಕೇಳೋದೆಲ್ಲಿ ಬಂತು. ಕೈಗೆ ಗೊತ್ತಾಗತ್ತೆ, ಹಣೆಗೆ ಗೊತ್ತಾಗತ್ತೆ. ಒಳಗೆ ಐದು ಪಿನ್ ಇರತ್ತೆ. ಒಂದನ್ನ ಎತ್ತಿ ಕಾಯಬೇಕು. ಅದು ಕೂತ್ಕೊಂಡ್ತು ಅಂತ ಗೊತ್ತಾಗೋವರೆಗೂ ಮುಂದಿನದನ್ನ ಮುಟ್ಟಬಾರದು. ಅವಸರ ಮಾಡಿದ್ರೆ ಎಲ್ಲಾ ಬಿದ್ದುಹೋಗತ್ತೆ, ಮತ್ತೆ ಮೊದಲಿಂದ.”

ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಯೋಚಿಸದೆ ಅಂದುಬಿಟ್ಟೆ: “ಬೀಗಕ್ಕೆ ಕೊಡೋ ತಾಳ್ಮೆನ ಗಿಟಾರಿಗೂ ಒಂಚೂರು ಕೊಡಬಾರದಿತ್ತಾ?”

ಬೀಗ ಟಕ್ಕೆಂದು ತೆರೆಯಿತು. ಭಾವ ಮಾತ್ರ ಹಣೆಯನ್ನು ಬಾಗಿಲಿಂದ ತೆಗೆಯಲಿಲ್ಲ.

ಅಂದು ಸಂಜೆ ಅಕ್ಕ ಫೋನ್ ಮಾಡಿ, “ಬಾ ನೋಡು, ನಿಮ್ಮ ಭಾವ ತಮ್ಮ ಮನೆಗೆ ತಾವೇ ಕನ್ನ ಹಾಕ್ತಿದಾರೆ” ಎಂದಳು. ಹೋಗುವಷ್ಟರಲ್ಲಿ ಪೆಟ್ಟಿಗೆಯ ಬೀಗವನ್ನು ತಂತಿಯಲ್ಲೇ ತೆಗೆದು, ಗಿಟಾರಿನ ವೈರನ್ನು ಆಂಪ್ಲಿಫೈಯರ್‌ಗೆ ಸಿಕ್ಕಿಸಿ, ಅಡುಗೆಮನೆಯ ಸ್ಟೂಲಿನ ಮೇಲೆ ಕೂತು, ಗಿಟಾರಿನ ಭುಜಕ್ಕೆ ಗದ್ದ ಒತ್ತಿ ಒಂದೇ ತಂತಿಯನ್ನು ಮೀಟುತ್ತಿದ್ದರು. ಮೀಟುವುದು, ಕಾಯುವುದು. ಅದರ ನಡುಕ ಗದ್ದದ ಮೂಳೆಯಲ್ಲಿ ಪೂರ್ತಿ ಇಳಿಯುವವರೆಗೆ ಎರಡನೆಯದನ್ನು ಮುಟ್ಟುತ್ತಿರಲಿಲ್ಲ.

“ಸ್ವರ ಇಷ್ಟು ಹೊತ್ತು ಬದುಕಿರತ್ತೆ ಅಂತ ನನಗೆ ಗೊತ್ತೇ ಇರಲಿಲ್ಲ,” ಎಂದರು. ಆಮೇಲೆ ಗಿಟಾರನ್ನು ನನ್ನ ಕಡೆ ತಿರುಗಿಸಿದರು. “ಗುಂಡಿ ನೀನು ತಿರುಗಿಸು. ನಿನ್ನ ಕಿವಿಗೆ ಹಿತ ಅನ್ನಿಸೋ ಕಡೆ ನಿಲ್ಲಿಸು.”

ಅರ್ಧಕ್ಕೂ ಕೆಳಗೆ ತಂದು ನಿಲ್ಲಿಸಿದೆ. ಭಾವ ನುಡಿಸಿ ಮುಖ ಹಿಂಡಿದರು. “ನನಗೆ ಕಂಬಳಿ ಒಳಗಿಂದ ಬಂದ ಹಾಗಿದೆ.”

“ನಮಗೆ ಸರಿಯಾಗಿದೆ.”

“ಸುಳ್ಳಲ್ಲ ತಾನೇ?”

ಕಪಾಳಕ್ಕೆ ಹೊಡೆದಿದ್ದರೂ ಅಷ್ಟು ನೋಯುತ್ತಿರಲಿಲ್ಲ. “ಅಕ್ಕನಾಣೆ, ಅಲ್ಲ” ಎಂದೆ. ಅವರು ಅಕ್ಕನ ಉಗುರುಬಣ್ಣ ತಂದು, ಗುಂಡಿ ನಿಂತ ಕಡೆ ಕೆಂಪು ಚುಕ್ಕೆಯೊಂದನ್ನು ಇಟ್ಟರು. ಎರಡು ವರ್ಷ ಸುಳ್ಳು ಹೇಳಿದವಳ ಮಾತು ನಂಬಿ, ತನ್ನ ಕಿವಿಗೇ ಸೇರದ ನಾದದಲ್ಲಿ ನುಡಿಸಲು ಹೊರಟ ಆ ಮನುಷ್ಯನನ್ನು ನೋಡಿ ನಾನು ದಂಗಾಗಿ ಹೋದೆ. ನನ್ನ ಕೈಲಿ ಆಗುತ್ತಿರಲಿಲ್ಲ.

ಎರಡನೇ ಭಾನುವಾರವೂ ಅವರು ಅಡುಗೆಮನೆ ಬಿಡಲಿಲ್ಲ. ಒಂದು ಸಾಲನ್ನು ಮೊದಲು ಬಾಯಲ್ಲಿ ಗುನುಗುವುದು, ಉಸಿರು ಮುಗಿದ ಕಡೆ ನಿಲ್ಲಿಸುವುದು, ಅಷ್ಟನ್ನೇ ಗಿಟಾರಿನಲ್ಲಿ ನುಡಿಸುವುದು. ತಂತಿಯನ್ನು ಬೆರಳಲ್ಲಿ ಮೇಲಕ್ಕೆ ತಳ್ಳುವಾಗ, ಸ್ವರ ತನ್ನ ಜಾಗಕ್ಕೆ ಕೂತಿತೆಂದು ಗದ್ದಕ್ಕೆ ಗೊತ್ತಾಗುವವರೆಗೆ ತಳ್ಳಿ ಹಿಡಿದಿರುವುದು. ಅಕ್ಕ ತರಕಾರಿ ಹೆಚ್ಚುತ್ತಾ, “ಈಗ ಮಾತಾಡಿದ ಹಾಗಿತ್ತು”, “ಈಗ ಬರೀ ವಟವಟ” ಎನ್ನುತ್ತಿದ್ದಳು. ಅವಳಿಗೆ ಸಂಗೀತದ ಗಂಧಗಾಳಿ ಇಲ್ಲ, ಆದರೂ ಒಮ್ಮೆಯೂ ತಪ್ಪು ಹೇಳಲಿಲ್ಲ.

ಮೂರನೇ ಭಾನುವಾರ ಬಂತು. ಕೋಣೆ ತುಂಬಿತ್ತು. ಹಿಂದಿನ ಮೇಜಿನವನೊಬ್ಬ “ಎಕ್ಸ್‌ಪ್ರೆಸ್ ಬಂತಪ್ಪೋ” ಎಂದ. ಭಾವ ಗುಂಡಿಯನ್ನು ಚುಕ್ಕೆಗೆ ತಂದು ಕೈ ತೆಗೆದರು.

ನರ್ಸಮ್ಮ ಹಾಡಿ ಸೋಲೊಗೆ ಜಾಗ ಬಿಟ್ಟರು. ಭಾವ ಶುರು ಮಾಡಲಿಲ್ಲ. ಒಂದು, ಎರಡು, ಮೂರು. ಮರೆತರೇನೋ ಅಂದುಕೊಂಡೆ. ತಟ್ಟೆ ಹಿಡಿದ ಯಜಮಾನ ಬಾಗಿಲಲ್ಲೇ ನಿಂತ. ಆಗ ಭಾವನ ಗದ್ದ ಗಿಟಾರಿನ ಭುಜಕ್ಕೆ ಇಳಿಯಿತು. ಒಂದು ಸ್ವರ ಬಂತು.

ಒಂದೇ. ಅದನ್ನು ನಿಧಾನಕ್ಕೆ ಮೇಲಕ್ಕೆ ತಳ್ಳಿದರು, ಹಿಡಿದರು, ಅದು ದುಂಡಗೆ, ಬೆಚ್ಚಗೆ ನಿಂತಿತು. ಆಮೇಲೆ ಮೌನ. ಆ ಮೌನದಲ್ಲೂ ಅದು ಇತ್ತು. ಮುಂದಿನದು ಬಂದಾಗ ಮೊದಲಿನದಕ್ಕೆ ಉತ್ತರ ಹೇಳಿದ ಹಾಗಾಯಿತು. ಅಂಗಡಿ ಮುಚ್ಚಿ ಮನೆಗೆ ಬಂದು, ಅಕ್ಕನ ಕೈಲಿ ಬೈಸಿಕೊಂಡು, ನನ್ನೆದುರು ಊಟ ಮಾಡುತ್ತಿದ್ದ ಈ ಮನುಷ್ಯನೊಳಗೆ ಇಷ್ಟೆಲ್ಲ ಇತ್ತೇ? ಕೋಣೆಯಲ್ಲಿ ಒಂದು ಚಮಚದ ಸದ್ದೂ ಇರಲಿಲ್ಲ. ಆವರ್ತ ಮುಗಿಯಿತು, ನರ್ಸಮ್ಮ ಹಾಡಲು ಶುರು ಮಾಡಬೇಕಿತ್ತು. ಮಾಡಲಿಲ್ಲ. ಬಾಯಿ ತೆರೆದು ಭಾವನನ್ನೇ ನೋಡುತ್ತಿದ್ದರು. ಭಾವ ತಲೆಯೆತ್ತದೆ ಇನ್ನೊಂದು ಆವರ್ತಕ್ಕೆ ಹೊರಳಿದರು.

ಕೊನೆಗೆ ಯಜಮಾನ ಮೂರು ಕಾಫಿ ತಂದು ಆಂಪ್ಲಿಫೈಯರ್ ಮೇಲಿಟ್ಟ. “ಮುಂದಿನ ವಾರ ಅರ್ಧ ಗಂಟೆ ಮುಂಚೆ ಬನ್ನಿ, ಮೂವರೂ” ಎಂದು ಹೋದ.

ಭಾವ ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ. ಗಿಟಾರನ್ನು ಪೆಟ್ಟಿಗೆಗೆ ಇಳಿಸುತ್ತಾ ನನ್ನ ತುಟಿಗಳನ್ನೇ ನೋಡುತ್ತಾ ಕೇಳಿದರು, “ಹೇಗಿತ್ತು?”

ಚೆನ್ನಾಗಿತ್ತು ಎಂಬ ಮಾತು ನಾಲಿಗೆಯವರೆಗೆ ಬಂತು. ಬಂದು ಅಲ್ಲೇ ನಿಂತಿತು. ಅದನ್ನು ನಾನೇ ಎರಡು ವರ್ಷ ಸವೆಸಿ ಹಾಕಿದ್ದೆ.

“ನನಗೆ ಲೆಕ್ಕ ತಪ್ಪಿಹೋಯ್ತು ಭಾವ,” ಎಂದೆ.

“ನಿನಗಾ? ಎಲ್ಲಿ?”

“ಎರಡನೇ ಆವರ್ತದಲ್ಲಿ. ಎಷ್ಟನೇ ಸುತ್ತಿನಲ್ಲಿದೀನಿ ಅನ್ನೋದೇ ಗೊತ್ತಾಗಲಿಲ್ಲ. ಸುಮ್ಮನೆ ನಿಮ್ಮ ಹಿಂದೆ ಬಂದೆ.”

ಅವರು ಪೆಟ್ಟಿಗೆಯ ಪಕ್ಕ ನೆಲದ ಮೇಲೇ ಕೂತುಬಿಟ್ಟರು. ಕಣ್ಣು ತುಂಬಿತ್ತು.

“ಹಾಗಾದ್ರೆ ಚೆನ್ನಾಗಿತ್ತು,” ಎಂದರು.