ಹುಕುಮಿಗೆ ಕಾದು ನಿಂತ ಗಾಡಿಗಳು

ಸುಬೇದಾರರ ಬಲಗೈಯ ಮೂರು ಬೆರಳು ಮಡಚುತ್ತಿರಲಿಲ್ಲ. ಗುಂಡೊಂದು ಮುಂಗೈಯ ನರ ಕತ್ತರಿಸಿಕೊಂಡು ಹೋಗಿತ್ತು. ಚಹದ ಲೋಟವನ್ನು ಎಡಗೈಯಲ್ಲೇ ಹಿಡಿಯುತ್ತಿದ್ದರು. ಮುಷ್ಟಿ ಹಿಡಿದರೆ ಆ ಬೆರಳುಗಳು ಬೇರೆಯಾಗಿ ನೆಟ್ಟಗೆ ನಿಲ್ಲುತ್ತಿದ್ದವು. ಹರಿಹರದಲ್ಲಿ ಅವರದು ನಮ್ಮ ಪಕ್ಕದ ಮನೆ. ಗಂಡ ಹೆಂಡತಿ ಇಬ್ಬರೇ, ಮಕ್ಕಳಿರಲಿಲ್ಲ. ಅರವತ್ತರ ದಶಕದ ಆರಂಭದಲ್ಲಿ, ಹಲವು ದೇಶಗಳ ಸೈನಿಕರು ಸೇರಿ ಕಾಂಗೋಕ್ಕೆ ಹೋದ ಶಾಂತಿಪಡೆಯಲ್ಲಿ ನಮ್ಮ ದೇಶದ ತುಕಡಿಯೊಂದಿಗೆ ಹೋಗಿ, ಆ ಕೈ ಹೊತ್ತುಕೊಂಡು ಪಿಂಚಣಿಯ ಮೇಲೆ ಊರಿಗೆ ಮರಳಿದ್ದರು.

ನಾನು ಆಗ ದಾವಣಗೆರೆಯ ಶಾಲೆಯೊಂದರಲ್ಲಿ ಟೀಚರಾಗಿದ್ದೆ, ದಿನಾ ರೈಲಿನಲ್ಲಿ ಹೋಗಿಬರುತ್ತಿದ್ದೆ. ಅಲ್ಲಿನ ಆಸ್ಪತ್ರೆಯಲ್ಲಿ ಕೈ ತೋರಿಸಲೆಂದು ಅವರೂ ಆಗಾಗ ನನ್ನ ರೈಲಿಗೇ ಬರುತ್ತಿದ್ದರು. ಸೀಟು ಸಿಕ್ಕರೂ ಯಾವುದಾದರೂ ಮುದುಕಿಗೆ ಬಿಟ್ಟುಕೊಟ್ಟು ಬಾಗಿಲ ಬಳಿ ನಿಲ್ಲುವುದು ಅವರ ರೂಢಿ. ಯುದ್ಧದ ಮಾತನ್ನು ತಾವಾಗಿ ಎತ್ತಿದವರಲ್ಲ. ಒಂದು ದಿನ ನಾನೇ ಕೇಳಿದಾಗ, ಹೊರಗಿನ ಜೋಳದ ಹೊಲಗಳನ್ನು ನೋಡುತ್ತಾ ಹೇಳಿದರು.

ಅಲ್ಲಿ ಒಂದೇ ಠಾಣ್ಯದಲ್ಲಿ ಮೂರು ದೇಶಗಳ ಸೈನಿಕರಿದ್ದರಂತೆ. ಎಲ್ಲರ ಮೇಲೂ ಒಬ್ಬನೇ ಕಮಾಂಡರ್. ಗಸ್ತಿಗೆ ಹೋದ ಇವರ ಜೀಪಿನ ಮೇಲೆ ಸೇತುವೆಯ ಹತ್ತಿರ ಗುಂಡು ಹಾರಿದವು. ಇವರ ಗೆಳೆಯ, ಗದಗ ಕಡೆಯ ಹವಾಲ್ದಾರ, ಹೊಟ್ಟೆಗೆ ಪೆಟ್ಟು ಬಿದ್ದು ಕುಸಿದ. ವೈರ್‌ಲೆಸ್ಸಿನಲ್ಲಿ ಸಹಾಯ ಕೇಳಿದರು. ಉಕ್ಕಿನ ಹೊದಿಕೆಯ ಗಾಡಿಗಳಿದ್ದದ್ದು ಇನ್ನೊಂದು ದೇಶದವರ ಬಳಿ. ಹೊರಡಿ ಎಂದು ಕಮಾಂಡರ್ ಹೇಳಿದರೂ, ತನ್ನ ಸರ್ಕಾರದ ಒಪ್ಪಿಗೆ ಬರಬೇಕು ಎಂದ ಆ ದೇಶದ ಅಧಿಕಾರಿ. ಇಂಜಿನ್ ಚಾಲೂ ಇಟ್ಟುಕೊಂಡೇ ಗಾಡಿಗಳು ನಿಂತಿದ್ದವು. ಕೊನೆಗೆ ಅವರಲ್ಲೇ ಒಬ್ಬ ಡ್ರೈವರ್ ಯಾರನ್ನೂ ಕೇಳದೆ ಒಂದು ಗಾಡಿ ಓಡಿಸಿಕೊಂಡು ಬಂದು ಇವರನ್ನೆಲ್ಲ ಎತ್ತಿ ಹಾಕಿಕೊಂಡ. ಅಷ್ಟರಲ್ಲಿ ಹವಾಲ್ದಾರ ಇವರ ತೊಡೆಯ ಮೇಲೆ ಪ್ರಾಣ ಬಿಟ್ಟಿದ್ದ. ಆ ಡ್ರೈವರನಿಗೆ ಅವನ ದೇಶದವರು ಶಿಕ್ಷೆ ಕೊಟ್ಟು ವಾಪಸ್ ಕಳಿಸಿದರು.

ಅಷ್ಟು ಕಲ್ಲುಮನಸ್ಸಿನವರೇ ಅವರು ಎಂದು ಕೇಳಿದೆ.

“ಕೆಟ್ಟೋರಲ್ಲ ತಂಗಿ. ಹೆಣ ಇಳಿಸಿದಾಗ ಅವ್ರೂ ಅತ್ರು. ಎಲ್ಲಾರ ಮನಸೂ ಒಂದೇ ಇತ್ತು. ಹುಕುಂ ಮಾತ್ರ ಒಬ್ಬೊಬ್ಬರಿಗೆ ಒಂದೊಂದು ಊರಿಂದ ಬರ್ತಿತ್ತು.”

ದಾವಣಗೆರೆ ಬಂದಾಗ ಮುದುಕಿಯೊಬ್ಬಳ ಗಂಟನ್ನು ಎಡಗೈಯಲ್ಲಿ ಇಳಿಸಿಕೊಟ್ಟು ಆಸ್ಪತ್ರೆಯ ಕಡೆ ನಡೆದರು.

ಮುಂದೊಂದು ಮಳೆಗಾಲದಲ್ಲಿ ತುಂಗಭದ್ರೆ ಏಕಾಏಕಿ ಏರಿತು. ಗುತ್ತೂರಿನ ಬಳಿ ನದಿ ನಡುವಿನ ದಿಬ್ಬಕ್ಕೆ ಕುರಿ ಹೊಡೆದುಕೊಂಡು ಹೋಗಿದ್ದ ನಮ್ಮಣ್ಣ ಅಲ್ಲೇ ಸಿಕ್ಕಿಬಿದ್ದ. ದಡದಲ್ಲಿ ಜನಕ್ಕೇನೂ ಕೊರತೆ ಇರಲಿಲ್ಲ. ಅಂಬಿಗರ ಹರಿಗೋಲಿತ್ತು, ಹತ್ತಿರದ ಕಾರ್ಖಾನೆಯ ಕೆಲಸಗಾರರು ದಪ್ಪ ಹಗ್ಗ ತಂದಿದ್ದರು, ಪೊಲೀಸರಿದ್ದರು, ತಾಲ್ಲೂಕಿನ ಅಮಲ್ದಾರರೂ ಬಂದಿದ್ದರು. ಅಂಬಿಗರು ಪೊಲೀಸರ ಮಾತಿಗೆ, ಪೊಲೀಸರು ಅಮಲ್ದಾರರ ಅಪ್ಪಣೆಗೆ, ಅಮಲ್ದಾರರು ಮೇಲಿನವರ ಫೋನಿಗೆ, ಕೆಲಸಗಾರರು ತಮ್ಮ ಮ್ಯಾನೇಜರಿಗೆ ಕಾಯುತ್ತಿದ್ದರು. ನೀರು ಅಣ್ಣನ ಮೊಣಕಾಲಿಗೆ ಬಂದಿತ್ತು. ದಡದಲ್ಲಿ ಕೂಗಿ ಕೂಗಿ ನನ್ನ, ಅವ್ವನ ದನಿ ಬಿದ್ದುಹೋಗಿತ್ತು.

ಸುದ್ದಿ ಕೇಳಿ ಬಂದಿದ್ದ ಸುಬೇದಾರರು ಜನರ ನಡುವೆ ನುಗ್ಗಿದರು. ಹಿರಿಯ ಅಂಬಿಗನ ಕೈ ಹಿಡಿದು ಎಳೆದು ತಂದು ಅಮಲ್ದಾರರ ಮುಂದೆ ನಿಲ್ಲಿಸಿದರು.

“ಸಾಹೇಬ್ರೇ, ನೀವಾರ ಹುಕುಂ ಕೊಡ್ರಿ, ಇಲ್ಲಾ ಇವನ ಮಾತು ಕೇಳ್ರಿ. ಯಾರದಾರ ಒಬ್ಬರದು ಆಗ್ಲಿ. ಕಾಯಾದು ಮಾತ್ರ ಬ್ಯಾಡ್ರಿ.”

ಅಮಲ್ದಾರರು ಪೊಲೀಸರನ್ನೂ ಕೆಲಸಗಾರರನ್ನೂ ಹತ್ತಿರ ಕರೆದರು. ಆಮೇಲೆ, ಅಂಬಿಗ ಹೇಳಿದಂತೆ ಎಲ್ಲರೂ ಕೇಳಿ, ಏನಾದರೂ ಆದರೆ ಉತ್ತರ ನಾನು ಕೊಡುತ್ತೇನೆ ಎಂದರು. ಅಂಬಿಗನ ಕೂಗಿಗೆ ತಕ್ಕಂತೆ ಪೊಲೀಸರೂ ಕೆಲಸಗಾರರೂ ಹರಿಗೋಲಿಗೆ ಕಟ್ಟಿದ ಹಗ್ಗ ಬಿಟ್ಟರು, ಎಳೆದರು. ಬೆರಳು ಹಿಡಿತಕ್ಕೆ ಬಾರದ ಸುಬೇದಾರರು ಹಗ್ಗದ ತುದಿಯನ್ನು ಸೊಂಟಕ್ಕೆ ಸುತ್ತಿಕೊಂಡು ಎದೆಮಟ್ಟ ನೀರಿನಲ್ಲಿ ನಿಂತಿದ್ದರು. ಕುರಿಗಳು ಹೋದವು. ಅಣ್ಣ ಬಂದ.

ಅಂದು ಹತ್ತಿದ ಜ್ವರ ಸುಬೇದಾರರನ್ನು ಬಿಡಲಿಲ್ಲ. ನ್ಯುಮೋನಿಯಾ ಎಂದರು ಡಾಕ್ಟರು. ದಾವಣಗೆರೆಯ ಆಸ್ಪತ್ರೆಯಲ್ಲಿ ಅಣ್ಣ ಮಂಚದ ಪಕ್ಕ ಬಿಟ್ಟು ಕದಲಲಿಲ್ಲ. ಶಾಲೆ ಮುಗಿಸಿ ನಾನು ಹೋದರೆ, ಮನೆಗೆ ಹೋಗಿ ಊಟ ಮಾಡಲು ಅವನಿಗೆ ಹೇಳು ಎಂದು ಸುಬೇದಾರರು ನನಗೆ ಸನ್ನೆ ಮಾಡುತ್ತಿದ್ದರು. ಒಂದು ಮಧ್ಯಾಹ್ನ ತೀರಿಕೊಂಡರು.

ಮಣ್ಣು ಮಾಡಿ ಬಂದ ಮೇಲೆ ಜನ ಒಬ್ಬೊಬ್ಬರಾಗಿ ಎದ್ದು ಹೋದರು. ಅಣ್ಣ ಒಳಗೆ ಬರಲು ಧೈರ್ಯವಾಗದೆ ಹೊಸ್ತಿಲಾಚೆ ನಿಂತಿದ್ದ. ಸುಬೇದಾರರ ಹೆಂಡತಿಯೇ ಕರೆದರು.

“ಒಳಗೆ ಬಂದು ಕೂತ್ಕ ತಮ್ಮಾ. ಗೆಳೆಯನ್ನ ಉಳಿಸ್ಕಳಾಕೆ ಆಗ್ಲಿಲ್ಲ ಅಂತ ಅವ್ರು ದಿನಾ ಕೊರಗೋರು. ನಿನ್ನ ತಂದ ಮ್ಯಾಲೆ ಒಂದಿನಾನೂ ಆ ಮಾತು ಆಡ್ಲಿಲ್ಲ.”

ಅಣ್ಣ ಒಳಗೆ ಹೋಗಿ ಕೂತ. ದೀಪ ಹಚ್ಚುವ ಹೊತ್ತಾದರೂ ಏಳಲಿಲ್ಲ.