ಮಾಳಿಗೆ ಬಿಚ್ಚಿದ ಮನೆ

ಉಪ್ಪಲ್‌ನ ನಮ್ಮ ಕಚೇರಿಯಲ್ಲಿ ಹಳೆಯ ನಕ್ಷೆಗಳನ್ನೂ ವಿಮಾನದಿಂದ ತೆಗೆದ ಫೋಟೋಗಳನ್ನೂ ಸ್ಕ್ಯಾನ್ ಮಾಡುವವರು ಮೌನಪ್ಪ. ಹೆಸರಿಗಷ್ಟೇ ಮೌನ. ಮೆಟ್ರೋ ಇಳಿದು ಬಂದರೆಂದರೆ ಒಬ್ಬರ ಹತ್ತಿರ ತೆಲುಗು, ಇನ್ನೊಬ್ಬರ ಹತ್ತಿರ ಹಿಂದಿ, ನನ್ನ ಮೈಸೂರು ಕನ್ನಡಕ್ಕೆ ಒಂದು ನಗು. ತಮ್ಮ ಊರಿನ ಮಾತು ಬಂದಾಗ ಮಾತ್ರ ಸುಮ್ಮನಾಗುತ್ತಿದ್ದರು.

ಕೃಷ್ಣಾ ದಂಡೆಯ ಆ ಊರು ಅವರಿಗೆ ಮೀಸೆ ಚಿಗುರುವ ಹೊತ್ತಿಗೇ ಅಣೆಕಟ್ಟಿನ ನೀರಿನಲ್ಲಿ ಮುಳುಗಿತ್ತು. ಮನೆಯದೊಂದು ಫೋಟೋ ಕೂಡ ಅವರ ಬಳಿ ಇರಲಿಲ್ಲ. "ಕನಸಿನ್ಯಾಗೂ ಬರೇ ನೀರ ಕಾಣತೈತ್ರಿ ಅಕ್ಕಾರ," ಎಂದಿದ್ದರು ಒಮ್ಮೆ.

ಹೋದ ಶ್ರಾವಣದಲ್ಲಿ ಗಿರಾಕಿಯೊಬ್ಬರು ಕಳಿಸಿದ ಫಿಲ್ಮ್ ಡಬ್ಬಿಯ ಮೇಲೆ ಅದೇ ಊರಿನ ಹೆಸರಿತ್ತು. ಮೌನಪ್ಪ ಅಂದೇ ಕೂತು ಸ್ಕ್ಯಾನ್ ಮಾಡಿದರು. ಆದರೆ ಆ ಫೈಲು ಎಷ್ಟು ಭಾರವೆಂದರೆ ತೆರೆಯಲು ಹೋದ ಕೂಡಲೇ ಕಂಪ್ಯೂಟರ್ ಕಣ್ಣು ಮುಚ್ಚುತ್ತಿತ್ತು. ಅದಕ್ಕೆ ಬೇರೆಯೇ ಪ್ರೋಗ್ರಾಂ ಬೇಕಿತ್ತು. ನಮ್ಮವೆಲ್ಲ ಲಿನಕ್ಸ್ ಯಂತ್ರಗಳು. ಹೊಸ ಪ್ರೋಗ್ರಾಂ ಕೂರಿಸುವ ಪಾಸ್‌ವರ್ಡ್ ಇರುವುದು ಅಡ್ಮಿನ್ ಗೋಪಿನಾಥರ ಬಳಿ ಮಾತ್ರ. ಮ್ಯಾನೇಜರ್ ಒಪ್ಪಿದರು. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ! ಗೋಪಿನಾಥರದು ಒಂದೇ ಉತ್ತರ, "ಬರುವ ವಾರ ನೋಡುವ." ದಸರೆ ಕಳೆದರೂ ಆ ವಾರ ಬರಲಿಲ್ಲ. ದೀಪಾವಳಿಗೆ ಕೆಲಸ ಮುಗಿಸಿ ಫೈಲುಗಳನ್ನು ಗಿರಾಕಿಗೆ ಒಪ್ಪಿಸಿ, ನಮ್ಮಲ್ಲಿರುವುದನ್ನು ಅಳಿಸಬೇಕಿತ್ತು.

ಕಚೇರಿಗೆ ಕೋಡ್ ಬರೆಯುವವಳು ನಾನು; ಸಿಟ್ಟು ನೆತ್ತಿಗೇರಿತು. ಪ್ರೋಗ್ರಾಮನ್ನೂ ಅದಕ್ಕೆ ಬೇಕಾದದ್ದೆಲ್ಲವನ್ನೂ ಬಳಸುವವರ ಸ್ವಂತ ಫೋಲ್ಡರಿನಲ್ಲೇ ಬಿಚ್ಚಿಟ್ಟು ಪಾಸ್‌ವರ್ಡಿನ ಹಂಗಿಲ್ಲದೆ ಅಲ್ಲಿಂದಲೇ ಓಡಿಸುವ ಪುಟ್ಟ ಸಾಧನವೊಂದನ್ನು ಬರೆದೆ. ಊರ ಚಾವಡಿಯಲ್ಲಿ ಜಾಗ ಕೊಡದಿದ್ದರೆ ನಮ್ಮ ಪಡಸಾಲೆಯಲ್ಲೇ ಕೂತರಾಯಿತು. ಗೋಪಿನಾಥರಿಗೂ ತೋರಿಸಿದೆ. "ನನ್ನ ಬೀಗ ಮುಟ್ಟದಿದ್ದರೆ ಸಾಕು ಮಾರಾಯ್ರೆ," ಎಂದರು.

ದೀಪಾವಳಿಯ ಹಿಂದಿನ ಶುಕ್ರವಾರ ಚಹಾದ ಹೊತ್ತಿಗೆ ಫೈಲು ತೆರೆಯಿತು. ನದಿ, ಬಂಡಿದಾರಿ, ಗುಡಿ. ಮೌನಪ್ಪ ಮೌಸಿನ ಬಾಣದ ಗುರುತನ್ನು ಓಣಿ ಓಣಿ ಓಡಾಡಿಸಿದರು. ಅವರು ಹುಡುಕುತ್ತಿದ್ದದ್ದು ತಮ್ಮ ಮನೆಯ ಬೆಳಕಿಂಡಿ ಇದ್ದ ಮಣ್ಣಿನ ಮಾಳಿಗೆಯನ್ನು, ಎಂದರೆ ಚಪ್ಪಟೆ ಸೂರನ್ನು. ಎಲ್ಲಿಯೂ ಒಂದು ಮಾಳಿಗೆಯೂ ಇಲ್ಲ, ಬರೀ ಗೋಡೆಗಳು.

"ಇದು ನಮ್ಮೂರಲ್ಲ ಬಿಡ್ರಿ," ಎಂದು ಕುರ್ಚಿ ಹಿಂದಕ್ಕೆ ತಳ್ಳಿದರು. ಮುಖ ನೋಡಲಾಗಲಿಲ್ಲ. ಎದ್ದು ಬಾಗಿಲ ತನಕ ಹೋದವರು ಅಲ್ಲೇ ನಿಂತರು.

"ತಡೀರಿ ಅಕ್ಕಾರ. ನೀರ ಬರೂಕಿಂತ ಮೊದಲ ಎಲ್ಲಾರೂ ಮಾಳಗಿ ಬಿಚ್ಚಿದ್ವಿ. ತೊಲಿ, ಬಾಗಲಾ, ಚೌಕಟ್ಟ ಬಂಡಿಗೆ ಹೇರಿ ಹೊಸ ಊರಿಗೆ ಒಯ್ದ್ವಿ. ಅಪ್ಪನ ಕೂಡ ನಾನೂ ಬಿಚ್ಚೀನಿ. ಮರತ ಕುಂತೀನಿ ನೋಡ್ರಿ!"

ಓಡಿ ಬಂದು ಕೂತರು. ಗುಡಿಯಿಂದ ಓಣಿ ಹಿಡಿದು, ಬಾವಿ ದಾಟಿ, ಒಂದು ಗೋಡೆಯ ಬಳಿ ಬಾಣ ನಿಂತಿತು. ಮೇಲೆ ಮುಚ್ಚಿಗೆ ಇಲ್ಲದ್ದರಿಂದ ಒಳಗೆಲ್ಲ ಕಾಣುತ್ತಿತ್ತು: ದನ ಕಟ್ಟುವ ಜಾಗ, ಪಡಸಾಲೆ, ಹಿಂದೆ ಚಿಕ್ಕದೊಂದು ಕೋಣೆ.

"ಅಡಗಿಮನಿ," ಎಂದರು. ಅವರ ತಾಯಿ ಗುರುಬಾಯಿ ಹೊಸ ಊರಿಗೆ ಹೋದ ವರ್ಷವೇ ತೀರಿಕೊಂಡಿದ್ದರು. "ಮಾಳಗಿ ಇದ್ದಿದ್ರ ಇದು ಕಾಣತಿದ್ದಿಲ್ಲರಿ. ಅವ್ವ ಇಲ್ಲೇ ಕುಂಡರತಿದ್ಲು." ಬಾಣವನ್ನು ಆ ಮೂಲೆಯಲ್ಲಿಟ್ಟು ಕೈ ತೆಗೆದರು. ಚಹಾ ಆರಿ ಕೆನೆ ಕಟ್ಟಿತು.

"ಸೋಮವಾರ ಇದನ್ನ ಅಳಸಬೇಕಲ್ರಿ?"

"ಹೌದು ಮೌನಪ್ಪನವರೇ, ಗಿರಾಕಿಯ ಸೊತ್ತು. ಒಂದು ಪ್ರತಿ ಕೇಳಿದ್ದೆ, ಕೊಡಲ್ಲ ಅಂದರು." ಏನಾದರೂ ಸಮಾಧಾನ ಹೇಳಬೇಕಲ್ಲ ಎಂದು ಸೇರಿಸಿದೆ: "ಪ್ರೋಗ್ರಾಂ ಮಾತ್ರ ನಿಮ್ಮ ಫೋಲ್ಡರಿನಲ್ಲೇ ಇರುತ್ತೆ. ಅದನ್ನ ಯಾರೂ ತೆಗೆಯೋ ಹಾಗಿಲ್ಲ."

ಮೌನಪ್ಪ ನಕ್ಕರು. "ಅಂದ್ರ ಮನಿ ಹೋಗಿ ತೊಲಿ ಉಳದಂಗ ಆತ್ರಿ."

ಸೋಮವಾರ ಅಳಿಸಲು ನಾನು ಕೂತಾಗ, "ನೀವ್ ಏಳ್ರಿ ಅಕ್ಕಾರ, ಆವಾಗೂ ನಾವ ಬಿಚ್ಚೀವಿ," ಎಂದು ಆ ಕೆಲಸವನ್ನು ಅವರೇ ಮಾಡಿದರು.